ಸಂದಿಯ ಪೈಪು

ಮೂರನೆಯ ಸಿಕ್ಸರು ಗ್ಯಾಲರಿಗೆ ಹೋಗಿ ಬಿದ್ದಾಗ ಗಿರಗಿಟ್ಲೆಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಹೊಡೆಸಿಕೊಳ್ಳುವುದು ಸ್ಪಿನ್ ಹಾಕುವವರ ಹಣೆಬರಹ. ಅದಕ್ಕೆಲ್ಲ ಹೆದರುತ್ತ ಕೂತಿದ್ದರೆ ಅವಳು ಹದಿನಾಲ್ಕು ವರ್ಷ ದೇಶಕ್ಕೆ ಆಡುತ್ತಲೇ ಇರಲಿಲ್ಲ. ಆದರೆ ಹೊಡೆಸಿಕೊಂಡ ಮೂರೂ ಚೆಂಡುಗಳು ಗೂಗ್ಲಿ. ಉಳಿದ ಚೆಂಡುಗಳಿಗೆ ಎದುರಾಳಿ ಬ್ಯಾಟರ್ ಮರ್ಯಾದೆ ಕೊಟ್ಟೇ ಆಡುತ್ತಿದ್ದಳು. ಗೂಗ್ಲಿ ಬಂತೆಂದರೆ ಮಾತ್ರ, ಅದಿನ್ನೂ ಗಾಳಿಯಲ್ಲಿರುವಾಗಲೇ, ಬಡಿಸಿಟ್ಟ ತಟ್ಟೆಯ ಮುಂದೆ ಕೂರುವವಳ ಹಾಗೆ ಒಂದು ಮೊಣಕಾಲೂರಿ ಕೂತು ಎತ್ತಿ ಬಿಸಾಡುತ್ತಿದ್ದಳು.

ಕ್ರಿಕೆಟ್ಟಿನ ಗಂಧಗಾಳಿ ಇಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಗಿರಗಿಟ್ಲೆ ಹಾಕುತ್ತಿದ್ದದ್ದು ಲೆಗ್ ಸ್ಪಿನ್. ಅವಳ ಮಾಮೂಲಿ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ಬ್ಯಾಟರಿನಿಂದ ಹೊರಕ್ಕೆ ತಿರುಗುತ್ತದೆ. ಗೂಗ್ಲಿ ಅದೇ ಓಟ, ಅದೇ ತೋಳು, ಆದರೆ ಮಣಿಕಟ್ಟನ್ನು ಮಗುಚಿ ಬಿಡುವ ಕಳ್ಳ ಚೆಂಡು. ಅದು ಬಿದ್ದ ಮೇಲೆ ಒಳಕ್ಕೆ ನುಗ್ಗುತ್ತದೆ. ಗುಟ್ಟು ಗುಟ್ಟಾಗಿರುವ ತನಕ ಅದರಂಥ ಚೆಂಡಿಲ್ಲ. ರಟ್ಟಾಯಿತೋ, ಅದರಷ್ಟು ಬಡಪಾಯಿ ಚೆಂಡೂ ಇನ್ನೊಂದಿಲ್ಲ.

ಆ ಬ್ಯಾಟರ್‌ಗೆ ಗಿರಗಿಟ್ಲೆಯ ತಂಡದವರು ಇಟ್ಟಿದ್ದ ಹೆಸರು ಹದ್ದುಗಣ್ಣು. ಮೂರನೆಯ ಸಿಕ್ಸರಿನ ಮೇಲೆ ಅವಳು ಇನ್ನೂ ಒಂದು ಕೆಲಸ ಮಾಡಿದಳು. ಗಿರಗಿಟ್ಲೆಯ ಕಡೆ ನೋಡಿ ನಕ್ಕು, ಹೆಲ್ಮೆಟ್ಟಿನ ಅಂಚನ್ನು, ಎಡಹುಬ್ಬಿನ ಮೇಲೆ ಸರಿಯಾಗಿ, ಬೆರಳಿನಿಂದ ಎರಡು ಸಲ ತಟ್ಟಿದಳು. ಬುದ್ಧಿ ಇಲ್ಲವಾ ನಿನಗೆ ಎಂದು ಹಂಗಿಸುತ್ತಿದ್ದಾಳೆ ಅಂದುಕೊಂಡ ಗಿರಗಿಟ್ಲೆ ಹಲ್ಲು ಕಚ್ಚಿಕೊಂಡು ತನ್ನ ಜಾಗಕ್ಕೆ ನಡೆದಳು.

ಅಂದು ಸಂಜೆ ಹೋಟೆಲಿನ ಕೋಣೆಯೊಂದರಲ್ಲಿ ಪರದೆ ಎಳೆದು ವಿಡಿಯೋ ಹಾಕಿದರು. ಕ್ಯಾಪ್ಟನ್ ಇವಳಿಗಿಂತ ಎಂಟು ವರ್ಷ ಚಿಕ್ಕವಳು. ಇವಳ ಪಕ್ಕದಲ್ಲೇ ಕೂತು ಮೆಲ್ಲಗೆ ಹೇಳಿದಳು.

"ಅಕ್ಕಾ, ನಿನ್ನ ಗೂಗ್ಲಿ ಅವರಿಗೆ ಮೊದಲೇ ಗೊತ್ತಾಗ್ತಿದೆ. ಅವಳೊಬ್ಬಳಿಗಲ್ಲ, ಇಡೀ ತಂಡಕ್ಕೆ."

"ಅದು ನಂಗೂ ಗೊತ್ತಾಗಿದೆ ಬಿಡು. ಹೆಂಗೆ ಅಂತ ಹೇಳು."

ಹೆಂಗೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಬೆರಳು ನೋಡಿದರು, ಮಣಿಕಟ್ಟು ನೋಡಿದರು, ಚೆಂಡಿನ ಹೊಲಿಗೆ ನೋಡಿದರು, ಮುಂದಕ್ಕೆ ಹಿಂದಕ್ಕೆ ಓಡಿಸಿ ಕಣ್ಣು ಕೆಂಪಗೆ ಮಾಡಿಕೊಂಡರು. ಕೈ ಕೈಯಂತೆಯೇ ಇತ್ತು. ಕೊನೆಗೆ ಕೋಚ್ ದೀಪ ಹಾಕಿದರು. ಅವರು ಸುತ್ತಿ ಬಳಸಿ ಮಾತಾಡುವ ಮನುಷ್ಯರಲ್ಲ.

"ಈ ಸೀರೀಸಿನ ಕೊನೇ ಮ್ಯಾಚ್ ಆಡಿಸ್ತೀನಿ ನಿನ್ನ. ಅದರಲ್ಲೂ ಹಿಂಗೇ ಆದ್ರೆ ನನ್ನ ಕೈಲಿ ಏನೂ ಉಳಿಯಲ್ಲಮ್ಮಾ. ಹೊಸ ಹುಡುಗಿ ಕಾಯ್ತಾ ಕೂತಿದ್ದಾಳೆ."

ಮೂವತ್ನಾಲ್ಕು ತುಂಬಿದ ಸ್ಪಿನ್ನರ್ ತಂಡದಿಂದ ಹೊರಬಿದ್ದರೆ ಅದಕ್ಕೆ ವಿಶ್ರಾಂತಿ ಎಂದು ಹೆಸರಿಡುತ್ತಾರೆ. ಆ ವಿಶ್ರಾಂತಿಗೆ ಹೋದವರು ಯಾರೂ ವಾಪಸು ಬಂದದ್ದನ್ನು ಗಿರಗಿಟ್ಲೆ ಕಂಡಿರಲಿಲ್ಲ. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಯ ಮ್ಯಾಚಿಗೆ ನಡುವೆ ವಾರ ಚಿಲ್ಲರೆ ಬಿಡುವಿತ್ತು. ಎಲ್ಲರೂ ನೆಟ್ ಅಭ್ಯಾಸಕ್ಕೆ ಉಳಿದರೆ ಇವಳು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೋದಳು. ಕಲಿತದ್ದು ಅಲ್ಲಿ, ಕೆಟ್ಟದ್ದೇನೆಂದು ಗೊತ್ತಾಗುವುದಿದ್ದರೆ ಅದೂ ಅಲ್ಲೇ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಕಲಿತದ್ದು ಅಂದರೆ ನಿಜಕ್ಕೂ ಎರಡು ಮನೆಗಳ ನಡುವಿನ ಸಂದಿಯಲ್ಲಿ. ಇವರ ಮನೆಯ ಗೋಡೆ ಒಂದು ಕಡೆ, ಪಕ್ಕದ ಮನೆಯ ಗೋಡೆ ಇನ್ನೊಂದು ಕಡೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಅಷ್ಟು ಅಗಲ. ಆ ತುದಿಯಲ್ಲಿ ಖಾಲಿ ಬಣ್ಣದ ಡಬ್ಬ, ಅದೇ ಸ್ಟಂಪು. ಡಬ್ಬದ ಹಿಂದೆ ಅಣ್ಣ, ಅವನೇ ಕೀಪರು. ಈ ಕಡೆ ಕಿಟಕಿಯೊಳಗೆ ಹೊಲಿಗೆ ಮಿಷನ್ನಿನ ಮುಂದೆ ಅಮ್ಮ, ಗಾಜು ಒಡೆದರೆ ಅವಳೇ ಅಂಪೈರು. ಅಷ್ಟು ಇಕ್ಕಟ್ಟಿನಲ್ಲಿ ಚೆಂಡು ತಿರುಗಿಸಬೇಕಾದರೆ ಜಾಗ ನೋಡಿ ನಿಲ್ಲಬೇಕಿತ್ತು. ಎಡಕ್ಕೆ ತಿರುಗುವ ಮಾಮೂಲಿ ಚೆಂಡನ್ನು ಬಲಗೋಡೆಗೆ ಅಂಟಿ ನಿಂತು ಹಾಕಬೇಕು. ಬಲಕ್ಕೆ ತಿರುಗುವ ಗೂಗ್ಲಿಯನ್ನು ಎಡಗೋಡೆಯ ಕಡೆಯಿಂದ. ಇಲ್ಲವಾದರೆ ಚೆಂಡು ಗೋಡೆಗೆ ಬಡಿದು ಅಮ್ಮನ ಕಿಟಕಿಗೆ ಹಾರುತ್ತಿತ್ತು.

ಎಡಗೋಡೆಯಿಂದ ಒಂದು ನೀರಿನ ಪೈಪು ಮೊಳದಷ್ಟು ಹೊರಕ್ಕೆ ಚಾಚಿಕೊಂಡಿತ್ತು. ಚಿಕ್ಕವಳಾಗಿದ್ದಾಗ ಅದರ ಕೆಳಗೆ ಆರಾಮಾಗಿ ಓಡಿಹೋಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಉದ್ದವಾಗಿ ಬೆಳೆದುಬಿಟ್ಟಳು. ಬೆಳೆದದ್ದು ಪೈಪಿಗೇನು ಗೊತ್ತು? ಗೂಗ್ಲಿ ಹಾಕಲು ಹಾರಿದವಳ ಎಡಹುಬ್ಬು ಸೀಳಿ ಅಂಗಿಯೆಲ್ಲ ರಕ್ತ. ಹೊಲಿಗೆ ಹಾಕಿಸಿಕೊಂಡು ಬಂದು, ಗಾಯ ಮಾಯುವ ಮೊದಲೇ ಮತ್ತೆ ಸಂದಿಗೆ ಇಳಿದಳು. ಹಠಕ್ಕೆ ಇನ್ನೊಂದು ಹೆಸರು ಅವಳು. ಆದರೆ ಆಮೇಲೆ ಆ ಪೈಪು ಅವಳ ತಲೆಗೆ ಮತ್ತೆಂದೂ ಬಡಿಯಲಿಲ್ಲ.

ಮುಂದೆ ಶಾಲೆಯ ಮೇಷ್ಟ್ರು ನೋಡಿದರು, ಜಿಲ್ಲೆಯವರು ನೋಡಿದರು, ಎರಡು ಚೆಂಡಿಗೆ ಎರಡು ಜಾಗದಲ್ಲಿ ನಿಲ್ಲುವ ಚಾಳಿಯನ್ನು ಬಿಡಿಸಿದರು. ಚೆಂಡು ಬುರ್ರನೆ ತಿರುಗುವುದನ್ನು ಕಂಡವರು ಗಿರಗಿಟ್ಲೆ ಎಂದು ಕರೆದರು, ಹೆಸರು ನಿಂತಿತು. ಅವಳು ಮೊದಲ ಸಲ ಹೊರದೇಶಕ್ಕೆ ಹೋದಾಗ ಅಣ್ಣ ಪ್ಲಂಬಿಂಗ್ ಕೆಲಸಕ್ಕೆ ಸೇರಿದ. ಕಸುಬಿನಲ್ಲಿ ಅವನು ಸ್ವಂತಕ್ಕೆ ಮಾಡಿದ ಮೊದಲ ಕೆಲಸವೆಂದರೆ ತಂಗಿಯ ಹುಬ್ಬು ಒಡೆದ ಆ ಪೈಪನ್ನು ಕಿತ್ತುಹಾಕಿ, ನೀರನ್ನು ಹಿತ್ತಲ ಕಡೆಯಿಂದ ತಿರುಗಿಸಿ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿದ್ದು.

ಮನೆಗೆ ಬಂದ ಮರುದಿನ, ಅಣ್ಣ ಕೆಲಸ ಮುಗಿಸಿ ಬಂದ ಮೇಲೆ, ಇಬ್ಬರೂ ಸಂದಿಗೆ ಇಳಿದರು. ಅಣ್ಣನ ಹೊಟ್ಟೆ ಮುಂದೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು. ಹಳೆಯ ಗ್ಲೌಸು ಹಾಕಿಕೊಂಡು ಡಬ್ಬದ ಹಿಂದೆ ಕೂರುವಾಗ ಮಂಡಿ ಲಟಕ್ ಎಂದಿತು. ಅವಳು ಮಾಮೂಲಿ ಚೆಂಡು ಹಾಕಿದಳು. ಇನ್ನೊಂದು. ಆಮೇಲೆ ಗೂಗ್ಲಿ.

"ಗೂಗ್ಲಿ," ಅಂದ ಅಣ್ಣ. ಚೆಂಡು ಇನ್ನೂ ನೆಲ ಮುಟ್ಟಿರಲಿಲ್ಲ.

ಅವಳು ಇನ್ನೆರಡು ಮಾಮೂಲಿ ಹಾಕಿ ಥಟ್ಟನೆ ಮತ್ತೊಂದು ಗೂಗ್ಲಿ ಬಿಟ್ಟಳು. "ಗೂಗ್ಲಿ." ಕೈಯನ್ನು ಚೆಂಡು ಕಾಣದ ಹಾಗೆ ಬೆನ್ನ ಹಿಂದೆ ಅಡಗಿಸಿಟ್ಟುಕೊಂಡು ಬಂದು ಹಾಕಿದಳು. "ಇದೂ ಗೂಗ್ಲಿನೇ."

"ಹೆಂಗೆ ಗೊತ್ತಾಗುತ್ತೆ ನಿಂಗೆ?"

"ಬಗ್ತೀಯಲ್ಲ ನೀನು."

"ಎಲ್ಲಿ ಬಗ್ತೀನಿ?"

"ಪೈಪಿಗೆ," ಅಂದ ಅಣ್ಣ, ಇದೇನು ಕೇಳುತ್ತಾಳೆ ಇವಳು ಎಂಬಂತೆ. "ಗೂಗ್ಲಿ ಹಾಕುವಾಗ ಪೈಪಿಗೆ ತಲೆ ತಗ್ಗಿಸ್ತೀಯ. ಮೊದಲಿಂದಾನೂ ಹಂಗೇ. ಟಿವೀಲೂ ಕಾಣುತ್ತೆ."

ಗಿರಗಿಟ್ಲೆ ಎಡಗೋಡೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಬಟ್ಟಲಗಲದ ಸಿಮೆಂಟಿನ ಮಚ್ಚೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ.

"ಅಣ್ಣಾ, ಪೈಪೆಲ್ಲಿದೆ? ಸ್ಟೇಡಿಯಮ್ಮಲ್ಲಿ ಪೈಪೆಲ್ಲಿದೆ?"

ಅಣ್ಣನಿಗೂ ಹೊಳೆದದ್ದು ಆ ಕ್ಷಣದಲ್ಲೇ. ಪೈಪನ್ನು ಕಿತ್ತವನು ಅವನೇ ಆದರೂ, ತಂಗಿ ತಲೆ ತಗ್ಗಿಸಿದಾಗಲೆಲ್ಲ ಅವನ ಕಣ್ಣಿಗೆ ಪೈಪು ಅಲ್ಲೇ ಇತ್ತು. ಇರುವ ಪೈಪಿಗೆ ಬಗ್ಗುವುದರಲ್ಲಿ ತಪ್ಪೇನಿದೆ? ಹದಿನಾಲ್ಕು ವರ್ಷ ಟಿವಿ ನೋಡಿದ ಅವನಿಗೆ ಅದು ಹೇಳಬೇಕಾದ ಮಾತು ಎಂದೇ ಅನ್ನಿಸಿರಲಿಲ್ಲ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಟಿವಿ ಮುಂದೆ ಕೂತು, ಚೆಂಡು ಬೀಳುವ ಮೊದಲೇ "ಗೂಗ್ಲಿ" ಎಂದು ಕೂಗಿ, ಅಂಗಡಿಯವರ ಕೈಲಿ ಭಲೇ ಅನ್ನಿಸಿಕೊಂಡು ಮೀಸೆ ತಿರುವಿದ್ದೇ ತಿರುವಿದ್ದು.

"ಯಾರಿಗಾದ್ರೂ ಹೇಳಿದ್ಯಾ ಇದನ್ನ?"

ಅಣ್ಣ ಗ್ಲೌಸು ಬಿಚ್ಚಿ ಡಬ್ಬದ ಮೇಲಿಟ್ಟ. ಬಿಚ್ಚಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಹೋದ ವರ್ಷ ನೀನು ಐದು ವಿಕೆಟ್ ತಗೊಂಡಾಗ ಟಿವಿಯವರು ಮನೆಗೆ ಬಂದಿದ್ರಲ್ಲ ಪುಟ್ಟಿ. ಸಂದಿ ತೋರಿಸಿ ಅಂದ್ರು. ತೋರಿಸ್ದೆ. ಹುಬ್ಬಿನ ಗಾಯದ ಕಥೆ ಹೇಳ್ದೆ. ಈಗಲೂ ಗೂಗ್ಲಿ ಹಾಕುವಾಗ ಬಗ್ತಾಳೆ ನೋಡಿ ಅಂತ... ನಗಾಡ್ಕೊಂಡು ಹೇಳ್ದೆ ಕಣೆ. ಅವರೂ ನಕ್ಕರು."

ಹದ್ದುಗಣ್ಣು ಹೆಲ್ಮೆಟ್ಟಿನ ಮೇಲೆ, ಎಡಹುಬ್ಬಿನ ಹತ್ತಿರವೇ, ಯಾಕೆ ಬೆರಳು ತಟ್ಟಿದಳೆಂಬುದು ಗಿರಗಿಟ್ಲೆಗೆ ಆಗ ತಿಳಿಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಬಾಯಿ ಬಿಟ್ಟವನು ಅಣ್ಣ, ಬಣ್ಣ ಹೋದದ್ದು ತಂಗಿಯದು. ಬೈಯಬೇಕೆಂದು ಅವಳಿಗೆ ಬೇಕಾದಷ್ಟು ಮಾತು ಬಂದವು. ಅವನ ಮುಖ ನೋಡಿದ ಮೇಲೆ ಒಂದೂ ಹೊರಗೆ ಬರಲಿಲ್ಲ. ಚೆಂಡನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಅಣ್ಣ ಊಟಕ್ಕೆ ಬರಲಿಲ್ಲ, ಅಮ್ಮ ಕರೆದು ಕರೆದು ಸುಸ್ತಾದಳು.

ಬೆಳಿಗ್ಗೆಯಿಂದ ಅವಳೊಬ್ಬಳೇ ಸಂದಿಯಲ್ಲಿ ತಲೆ ನೆಟ್ಟಗಿಟ್ಟು ಗೂಗ್ಲಿ ಹಾಕಲು ನೋಡಿದಳು. ತಲೆ ನೆಟ್ಟಗಿದ್ದರೆ ಚೆಂಡೂ ನೆಟ್ಟಗೆ ಹೋಯಿತು, ತಿರುಗಲಿಲ್ಲ. ತಿರುಗಿದರೆ ತಲೆ ತಗ್ಗಿರುತ್ತಿತ್ತು. ಎರಡೂ ಒಂದೇ ದಾರದಲ್ಲಿ ಹೊಲಿದು ಹೋಗಿದ್ದವು. ಮಧ್ಯಾಹ್ನದ ಹೊತ್ತಿಗೆ ಭುಜ ಸೋತು, ಕಣ್ಣಲ್ಲಿ ನೀರು ಬಂತು. ಕಿಟಕಿಯೊಳಗಿಂದ ಅಮ್ಮ, ಮಿಷನ್ ನಿಲ್ಲಿಸದೆಯೇ ಅಂದಳು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ. ಅದನ್ನ ಕಿತ್ತು ಹಾಕ್ತೀನಿ ಅಂತ ಯಾಕೆ ಒದ್ದಾಡ್ತೀಯ? ಕೈ ಕಾಲು ತೊಳ್ಕೊಂಡು ಬಾ, ಉಣ್ಣು."

ಅಮ್ಮ ಹೇಳಿದ್ದು ಊಟದ ಮಾತು. ಇವಳ ತಲೆಯಲ್ಲಿ ಕೂತದ್ದು ಬೇರೆ. ತಲೆ ತಗ್ಗಿಸುವುದನ್ನು ಕೀಳಲು ಆಗುವುದಿಲ್ಲ, ಸರಿ. ಗೂಗ್ಲಿಗೆ ಮಾತ್ರ ತಗ್ಗಿಸುವುದರಿಂದ ತಾನೆ ಗುಟ್ಟು ಒಡೆಯುತ್ತಿರುವುದು? ಎಲ್ಲ ಚೆಂಡಿಗೂ ತಗ್ಗಿಸಿದರೆ?

ಸಂಜೆ ಅಣ್ಣ ಕಳ್ಳನ ಹಾಗೆ ಹಿಂಬಾಗಿಲಿನಿಂದ ಬಂದಾಗ ಅವಳು ಅಲ್ಲೇ ನಿಂತಿದ್ದಳು.

"ಆ ಪೈಪು ವಾಪಸ್ ಹಾಕು."

"ಏನಂದೆ?"

"ಹಳೇದಕ್ಕಿಂತ ಉದ್ದ ಇರಲಿ. ನಾನು ಬಲಗೋಡೆ ಹತ್ತಿರ ನಿಂತು ಹಾಕಿದ್ರೂ ತಲೆಗೆ ಸಿಗಬೇಕು. ಕೈಗೆ ಮಾತ್ರ ಸಿಗಬಾರದು."

ಅಣ್ಣ ಗೋಡೆ ನೋಡಿದ, ಅವಳ ಎತ್ತರ ನೋಡಿದ. ಮಾತು ಅರ್ಥವಾಗುತ್ತಿದ್ದ ಹಾಗೆ ಅವನ ಮುಖ ಬಿಳಿಚಿಕೊಂಡಿತು. "ಒಂದು ಗೇಣು ಹೆಚ್ಚು ಕಮ್ಮಿ ಆದ್ರೆ ಬೆರಳು ಮುರಿಯುತ್ತೆ ಕಣೆ. ಪ್ಲಾಸ್ಟಿಕ್ಕಿಂದು ಹಾಕ್ತೀನಿ."

"ಕಬ್ಬಿಣದ್ದೇ ಹಾಕು. ಪ್ಲಾಸ್ಟಿಕ್ಕಿಗೆಲ್ಲ ನನ್ನ ತಲೆ ಹೆದರಲ್ಲ."

ಸಿಮೆಂಟಿನ ಮಚ್ಚೆ ಒಡೆದು ಅಣ್ಣ ಪೈಪು ಕೂರಿಸಿದ. ಕೂರಿಸುವ ಮೊದಲು ಅವಳನ್ನು ಬರಿಗೈಯಲ್ಲಿ ಓಡಿಸಿ, ಹಾರಿಸಿ, ತೋಳು ಎಲ್ಲೆಲ್ಲಿ ಹಾದುಹೋಗುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡ. ಪೈಪನ್ನು ಕೊಯ್ದ, ತಂದು ಹಿಡಿದು ನೋಡಿದ, ಮತ್ತೆ ಬೆರಳಗಲ ಕೊಯ್ದ. ತುದಿಗೆ ಮುಚ್ಚಳ ತಿರುಗಿಸಿ ಅದಕ್ಕೆ ಬಟ್ಟೆ ಸುತ್ತಿದ. ಅಮ್ಮ ಕಿಟಕಿಯಿಂದ ನೋಡಿ, "ಒಂದು ಸಲ ಹೊಲಿಗೆ ಹಾಕಿಸಿದ್ದು ಸಾಲದು ಅಂತ ಇಬ್ಬರೂ ಸೇರಿ ಮತ್ತೆ ಶುರು ಹಚ್ಚಿಕೊಂಡ್ರಾ?" ಎಂದಳು.

ಮೊದಲ ದಿನ ಮಾಮೂಲಿ ಚೆಂಡು ಹಾಕಲು ಹಾರಿದವಳ ಹಣೆಗೆ ಪೈಪು ಠಣ್ಣನೆ ಬಡಿಯಿತು. ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು ಎದ್ದಿತು. ಅಣ್ಣ ಡಬ್ಬದ ಹಿಂದೆ ಕಣ್ಣು ಮುಚ್ಚಿಕೊಂಡ. "ಕಣ್ಣು ಬಿಡು, ಕೀಪರ್ ನೀನು," ಅಂದಳು. ಆಮೇಲೆ ತಲೆ ತಗ್ಗತೊಡಗಿತು, ಆದರೆ ಚೆಂಡು ಅಂಕೆ ತಪ್ಪಿ ಕಿಟಕಿಗೆ ಹೋಯಿತು. ಗಾಜು ಒಡೆಯಿತು. ಅಮ್ಮ ಹಳೆಯ ರಟ್ಟು ಹಚ್ಚಿ ಮಿಷನ್ ತುಳಿದಳು. ದಿನ ಕಳೆದಂತೆ ಚೆಂಡು ದಾರಿಗೆ ಬಂತು. ಪೈಪಿನಡಿಯಲ್ಲಿ ಬಗ್ಗಿ ಹಾಕಿದ ಮಾಮೂಲಿ ಚೆಂಡು ಮೊದಲಿಗಿಂತ ಸ್ವಲ್ಪ ನಿಧಾನ, ಆದರೆ ಹೊರಕ್ಕೆ ಚೆನ್ನಾಗಿ ತಿರುಗುತ್ತಿತ್ತು. ಹೊರಡುವ ಹಿಂದಿನ ಸಂಜೆಯೂ ಅಣ್ಣ ಮಾತ್ರ ಬಿಡದೆ, ಇದು ಗೂಗ್ಲಿ, ಇದಲ್ಲ ಎಂದು ಸರಿಯಾಗಿಯೇ ಹೇಳುತ್ತಿದ್ದ.

"ಈಗೆಲ್ಲದಕ್ಕೂ ಬಗ್ತೀಯ, ನಿಜ. ಆದ್ರೂ ಗೂಗ್ಲಿಗೆ ಭಯಬಿದ್ದು ಬಗ್ತೀಯ. ಮಾಮೂಲಿ ಚೆಂಡಿಗೆ ನೆನಪು ಮಾಡ್ಕೊಂಡು ಬಗ್ತೀಯ. ನಂಗೆ ಗೊತ್ತಾಗುತ್ತೆ."

"ಅವಳಿಗೂ ಗೊತ್ತಾದ್ರೆ?"

"ಇನ್ನೊಂದು ಹಾಕು," ಎಂದು ಅಣ್ಣ ಚೆಂಡು ವಾಪಸು ಎಸೆದ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ಮ್ಯಾಚಿಗೆ ಹೋದಳು.

ಮ್ಯಾಚು ಕೊನೆಯ ಓವರುಗಳಿಗೆ ಬರುವವರೆಗೂ ಕ್ಯಾಪ್ಟನ್ ಅವಳಿಗೆ ಚೆಂಡು ಕೊಡಲಿಲ್ಲ. ಕೊಟ್ಟಾಗ ಎದುರಿಗಿದ್ದವಳು ಹದ್ದುಗಣ್ಣು, ಚೆನ್ನಾಗಿ ಬೇರೂರಿ ನಿಂತಿದ್ದಳು. ಅವಳಿದ್ದರೆ ಆ ತಂಡ ಗೆಲ್ಲುತ್ತದೆ, ಹೋದರೆ ಸೋಲುತ್ತದೆ, ಲೆಕ್ಕ ಅಷ್ಟೇ. "ಅಕ್ಕಾ, ಗೂಗ್ಲಿ ಬೇಡ," ಅಂದಳು ಕ್ಯಾಪ್ಟನ್. ಗಿರಗಿಟ್ಲೆ ಚೆಂಡು ತೆಗೆದುಕೊಂಡು ಓಟದ ಗುರುತಿಗೆ ನಡೆದಳು.

ಓಡಿಬಂದು ಮೊದಲ ಚೆಂಡು ಹಾಕಿದಳು. ಮಾಮೂಲಿ ಲೆಗ್ ಸ್ಪಿನ್. ಕೈಯಿಂದ ಬಿಟ್ಟ ಮೇಲೆ ಗೊತ್ತಾಯಿತು, ತಲೆ ತಗ್ಗಲೇ ಇಲ್ಲ. ಮೇಲೆ ನೋಡಿದರೆ ಬರೀ ಆಕಾಶ, ಪೈಪೆಲ್ಲಿಂದ ಬರಬೇಕು? ಹದ್ದುಗಣ್ಣು ಅವಸರವಿಲ್ಲದೆ ಬೌಂಡರಿಗೆ ಅಟ್ಟಿದಳು. ಎರಡನೆಯದಕ್ಕೆ ತಲೆ ತಗ್ಗಿಸಬೇಕು, ತಗ್ಗಿಸಬೇಕು ಎಂದುಕೊಳ್ಳುತ್ತಲೇ ಓಡಿ ಹೆಜ್ಜೆ ತಪ್ಪಿತು, ಚೆಂಡು ವೈಡ್ ಹೋಯಿತು. ಬೌಂಡರಿ ಗೆರೆಯ ಆಚೆ ಕೋಚ್ ಎದ್ದು ನಿಂತು ಹೊಸ ಹುಡುಗಿಯ ಕಿವಿಯಲ್ಲಿ ಏನೋ ಹೇಳುವುದು ಕಾಣಿಸಿತು. ಕ್ಯಾಪ್ಟನ್ ಆ ಕಡೆಯೊಮ್ಮೆ ಈ ಕಡೆಯೊಮ್ಮೆ ನೋಡಿದಳು. ಗಿರಗಿಟ್ಲೆಯ ಅಂಗೈಯಲ್ಲಿ ಬೆವರು ನಿಲ್ಲಲಿಲ್ಲ. ಪ್ಯಾಂಟಿಗೆ ಒರೆಸಿದಷ್ಟೂ ಬಂತು.

ಓಟದ ಗುರುತಿಗೆ ವಾಪಸು ಹೋಗಿ ನಿಂತು ಟೋಪಿಯ ಮುಂಭಾಗ ಎತ್ತಿದಳು. ಹಣೆಯ ಊತ ಇನ್ನೂ ಇಳಿದಿರಲಿಲ್ಲ. ಹೆಬ್ಬೆರಳಿಟ್ಟು ಒತ್ತಿದಳು. ಜೋರಾಗಿ ಒತ್ತಿದಳು. ಕಣ್ಣಿಗೆ ಕತ್ತಲು ಕವಿಯುವಂಥ ನೋವು. ಆ ನೋವಿಗೆ ಸಂದಿ ಕಂಡಿತು, ಗೋಡೆ ಕಂಡಿತು, ಕಬ್ಬಿಣ ಕಂಡಿತು. ನೋವು ಆರುವ ಮೊದಲೇ ಓಡಿದಳು.

ತಲೆ ತಾನಾಗಿ ತಗ್ಗಿತು. ನೆನಪು ಮಾಡಿಕೊಂಡಲ್ಲ, ಹೆದರಿ ತಗ್ಗಿತು.

ಹದ್ದುಗಣ್ಣು ಅದನ್ನೇ ಕಾಯುತ್ತಿದ್ದವಳು. ಗೂಗ್ಲಿ, ಒಳಗೆ ಬರುತ್ತದೆ ಎಂದು ಎರಡು ಹೆಜ್ಜೆ ಮುಂದೆ ನುಗ್ಗಿ ಬ್ಯಾಟು ಬೀಸಿದಳು. ಚೆಂಡು ಬಿತ್ತು. ಬಿದ್ದು ಹೊರಕ್ಕೆ ತಿರುಗಿತು, ಬ್ಯಾಟಿನಿಂದ ದೂರ, ನೇರ ಕೀಪರಿನ ಕೈಗೆ. ಹದ್ದುಗಣ್ಣು ತಿರುಗಿ ನೋಡುವಷ್ಟರಲ್ಲಿ ಬೇಲ್ಸು ನೆಲದಲ್ಲಿದ್ದವು, ಸ್ಟಂಪ್ ಔಟ್. ಅವಳು ಒಂದು ಗಳಿಗೆ ಅಲ್ಲೇ ನಿಂತು ಗಿರಗಿಟ್ಲೆಯ ಕೈಯನ್ನಲ್ಲ, ತಲೆಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ಗ್ಲೌಸು ಬಿಚ್ಚುತ್ತ ಹೋದಳು.

ಅಲ್ಲಿಂದ ಮುಂದೆ ಆ ತಂಡಕ್ಕೆ ಯಾವುದು ಗೂಗ್ಲಿ, ಯಾವುದಲ್ಲ ಎಂಬುದೇ ತಿಳಿಯದಾಯಿತು. ಬಗ್ಗಿದ್ದಕ್ಕೆಲ್ಲ ಹೆದರಿದರು. ಇನ್ನೂ ಎರಡು ವಿಕೆಟ್ ಬಿದ್ದವು, ಮ್ಯಾಚು ಕೈಗೆ ಬಂತು. ಬೆನ್ನು ತಟ್ಟುವ ಅಭ್ಯಾಸವೇ ಇಲ್ಲದ ಕೋಚ್ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತು, "ಮುಂದಿನ ಟೂರಿಗೆ ದಪ್ಪ ಸ್ವೆಟರ್ ತಗೋ, ಅಲ್ಲಿ ಚಳಿ," ಎಂದಷ್ಟೇ ಹೇಳಿ ಹೋದರು. ಗಿರಗಿಟ್ಲೆ ಬೆಂಚಿನ ಮೇಲೆ ಕೂತು ಹಣೆಗೆ ಐಸು ಒತ್ತಿಕೊಂಡು ಮನೆಗೆ ಫೋನು ಮಾಡಿದಳು.

ಮೊದಲು ಅಮ್ಮ ಎತ್ತಿದಳು. "ಗೆದ್ಯಲ್ಲ, ಸರಿ. ಗಾಜು ಯಾವಾಗ ಹಾಕಿಸ್ತೀಯ? ಪೈಪಿನ ಮೇಲೆ ಟವೆಲ್ ಒಣಗಹಾಕಿದ್ದೀನಿ, ಕೀಳಬೇಡ ಅಂತ ನಿಮ್ಮಣ್ಣಂಗೆ ಹೇಳು. ತಗೋ, ಇಲ್ಲೇ ಇದ್ದಾನೆ."

ಅಣ್ಣ ಫೋನು ತೆಗೆದುಕೊಂಡ.

"ನೋಡಿದ್ಯಾ?" ಅಂದಳು.

"ನೋಡ್ದೆ. ಅಂಗಡೀಲಿ, ಎಲ್ಲರ ಜೊತೆ. ಅವಳಿಗೆ ಆ ಚೆಂಡು ಹಾಕಿದ್ಯಲ್ಲ... ಕೈಯಿಂದ ಬಿಡ್ತಿದ್ದ ಹಾಗೇ ಎಲ್ಲರ ಮುಂದೆ 'ಗೂಗ್ಲಿ' ಅಂತ ಕೂಗಿಬಿಟ್ಟೆ ಕಣೆ."

"ಮತ್ತೆ?"

"ಮತ್ತೇನು? ಹೊರಗೆ ಹೋಯ್ತು. ನಂಗೂ ಗೊತ್ತಾಗಲಿಲ್ಲ, ಪುಟ್ಟಿ."

ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಅಂದು ಸಂದಿಯಲ್ಲಿ ಬಾಯಿಗೆ ಬಂದಿದ್ದ ಬೈಗುಳಗಳಲ್ಲಿ ಒಂದೂ ಈಗ ಅವಳಿಗೆ ನೆನಪಾಗಲಿಲ್ಲ. ಐಸು ಕರಗಿ ಎಡಹುಬ್ಬಿನ ಹಳೆಯ ಗಾಯದ ಮೇಲಿಂದ ಹನಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.